ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (12 ಜನವರಿ 1895 – 8 ಆಗಸ್ಟ್ 1948) ಭಾರತ ಮೂಲದ ವೈದ್ಯರು ಹಾಗೂ ಜೀವರಸಾಯನ ವಿಜ್ಞಾನಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ನಾಯುಗಳ ಶಕ್ತಿಮೂಲದ ಬಗ್ಗೆ ಮಹತ್ವದ ಸಂಶೋಧನೆಗಳನ್ನು ಮಾಡಿದ ಇವರು, ಬಳಿಕ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಸಂಸ್ಥೆಯ ಸಂಶೋಧನಾ ನಿರ್ದೇಶಕರಾದರು. ಫೋಲಿಕ್ ಆಮ್ಲದ ಸಂಶ್ಲೇಷಣೆ, ಟೆಟ್ರಾಸೈಕ್ಲಿನ್ ವರ್ಗದ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್, ಆನೆಕಾಲು ರೋಗಕ್ಕೆ ನೀಡುವ ಡೈಇಥೈಲ್‌ಕಾರ್ಬಮಝೀನ್ ಮತ್ತು ರಕ್ತದ ಕ್ಯಾನ್ಸರಿಗೆ ಬಳಸಿದ ಮೊದಲ ಫೋಲಿಕ್ ಆಮ್ಲ ವಿರೋಧಿ ಔಷಧಗಳು ಇವರ ನೇತೃತ್ವದಲ್ಲಿ ಹೊರಬಂದವು.

ಸುಬ್ಬರಾವ್ ಅವರ ಇಬ್ಬರು ಸಹೋದರರು ‘ಉಷ್ಣವಲಯದ ಸ್ಪ್ರೂ’ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಸ್ವತಃ ಅವರೂ ಅದೇ ರೋಗಕ್ಕೆ ತುತ್ತಾಗಿ ಬದುಕಿ ಉಳಿದವರು. ಈ ರೋಗಕ್ಕೆ ಇಂದು ವೈದ್ಯರು ನೀಡುವ ಚಿಕಿತ್ಸೆ ಎರಡು ಔಷಧಗಳ ಜೋಡಣೆ: ಒಂದು ಫೋಲಿಕ್ ಆಮ್ಲ, ಇನ್ನೊಂದು ಟೆಟ್ರಾಸೈಕ್ಲಿನ್. ಮೊದಲನೆಯದು ತಯಾರಾದದ್ದೂ ಎರಡನೆಯದರ ಮೂಲರೂಪ ದೊರೆತದ್ದೂ ಸುಬ್ಬರಾವ್ ಅವರ ಪ್ರಯೋಗಾಲಯದಲ್ಲೇ. ಇವೆರಡನ್ನೂ ಒಟ್ಟಾಗಿ ಕೊಡುವ ಪದ್ಧತಿ ರೂಢಿಗೆ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಅವರು ಆಗಿನ ಮದರಾಸು ಪ್ರಾಂತ್ಯದ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ (ಈಗಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆ) ಬಡ ತೆಲುಗು ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರಾಗಿದ್ದು, ಅನಾರೋಗ್ಯದ ಕಾರಣ ಅವಧಿಗೆ ಮೊದಲೇ ಕೆಲಸ ಬಿಡಬೇಕಾಯಿತು. ಸಂಸಾರದ ಭಾರ ತಾಯಿ ವೆಂಕಮ್ಮನವರ ಮೇಲೆ ಬಿತ್ತು.

ಬಾಲಕ ಸುಬ್ಬರಾವ್ ಓದಿನಲ್ಲಿ ಹೇಳಿಕೊಳ್ಳುವಂಥ ಆಸಕ್ತಿ ತೋರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವ ಯೋಚನೆಯಿಂದ ಬಂಧುವೊಬ್ಬನೊಡನೆ ಮನೆ ಬಿಟ್ಟು ಹೊರಟಿದ್ದರು. ತಾಯಿ ಅವರನ್ನು ದಾರಿಯಿಂದಲೇ ಹಿಂದಕ್ಕೆ ಕರೆಸಿ ಮತ್ತೆ ಶಾಲೆಗೆ ಸೇರಿಸಿದರು. ರಾಜಮಂಡ್ರಿಯಲ್ಲಿ ಓದುತ್ತಿದ್ದಾಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಕೊನೆಗೆ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದರು. ಮಗನ ಓದಿಗಾಗಿ ವೆಂಕಮ್ಮನವರು ತಮ್ಮ ಒಡವೆಗಳನ್ನು ಮಾರಿದ್ದರು. ಎರಡು ಬಾರಿ ನಪಾಸಾದ ಹುಡುಗನನ್ನು ಮೂರನೆಯ ಬಾರಿ ಪರೀಕ್ಷೆಗೆ ಕೂರಿಸುವುದು ಅಂದಿನ ಬಡ ಕುಟುಂಬಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಸುಬ್ಬರಾವ್ ಅವರ ಮನಸ್ಸು ರಾಮಕೃಷ್ಣ ಮಿಷನ್ನಿನ ಕಡೆಗೆ ವಾಲಿತು. ಗಣಿತದಲ್ಲಿ ಅವರಿಗೆ ಒಲವಿತ್ತು, ಆದರೆ ಸಂನ್ಯಾಸಿಯಾಗುವ ಹಂಬಲ ಅದಕ್ಕಿಂತ ಬಲವಾಗಿತ್ತು. ಮಿಷನ್ನಿನ ಹಿರಿಯರು ಸಂನ್ಯಾಸಕ್ಕಿಂತ ವೈದ್ಯವಿದ್ಯೆಯನ್ನು ಕಲಿತು ರೋಗಿಗಳ ಸೇವೆ ಮಾಡುವುದು ಮೇಲೆಂದು ತಿಳಿಹೇಳಿದರು. ಹೀಗೆ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಖರ್ಚಿಗೆ ಸ್ನೇಹಿತರೂ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. ಮುಂದೆ ಸೂರ್ಯನಾರಾಯಣ ಮೂರ್ತಿಯವರ ಮಗಳು ಶೇಷಗಿರಿಯವರೊಡನೆ ಇವರ ವಿವಾಹವಾಯಿತು.

ಖಾದಿ ಮತ್ತು ಪದವಿ

ಗಾಂಧೀಜಿಯವರ ಕರೆಗೆ ಓಗೊಟ್ಟು ವಿದೇಶಿ ಬಟ್ಟೆಯನ್ನು ತ್ಯಜಿಸಿದ ವಿದ್ಯಾರ್ಥಿಗಳಲ್ಲಿ ಸುಬ್ಬರಾವ್ ಅವರೂ ಒಬ್ಬರು. ಶಸ್ತ್ರಚಿಕಿತ್ಸೆಯ ತರಗತಿಗೂ ಅವರು ಖಾದಿಯ ಮೇಲಂಗಿಯನ್ನೇ ತೊಟ್ಟು ಬಂದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಬ್ರಾಡ್‌ಫೀಲ್ಡ್ ಅವರಿಗೆ ಇದು ಸರಿಬರಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾವ್ ಅವರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯದೆ, ಅದಕ್ಕಿಂತ ಕೆಳಗಿನದೆಂದು ಎಣಿಸಲಾಗುತ್ತಿದ್ದ ಎಲ್.ಎಂ.ಎಸ್. ಮಾತ್ರ ದೊರೆಯಿತು. ಮದರಾಸು ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಕೈಗೂಡಲಿಲ್ಲ. ಆಗ ಅವರು ಆಚಂಟ ಲಕ್ಷ್ಮೀಪತಿಯವರು ನಡೆಸುತ್ತಿದ್ದ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಮನೆಗೆ ಬಂದ ರೋಗ

ಉಷ್ಣವಲಯದ ಸ್ಪ್ರೂ ಸಣ್ಣ ಕರುಳಿನ ಕಾಯಿಲೆ. ರೋಗಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಭೇದಿಯಾಗುತ್ತದೆ. ಮಲ ಬಿಳಿಚಿಕೊಂಡು, ಜಿಡ್ಡಿನಿಂದ ಕೂಡಿ, ದುರ್ವಾಸನೆ ಬೀರುತ್ತದೆ. ನಾಲಿಗೆ ಕೆಂಪಾಗಿ ಹುಣ್ಣಾಗುತ್ತದೆ, ಖಾರ ಸೋಕಿದರೆ ಉರಿಯುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ತೂಕ ಇಳಿಯುತ್ತ, ರಕ್ತಹೀನತೆ ಏರುತ್ತ ಹೋಗುತ್ತದೆ. 1759ರಲ್ಲಿ ವಿಲಿಯಂ ಹಿಲರಿ ಎಂಬ ವೈದ್ಯರು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಇಂಥ ರೋಗಿಗಳ ವಿವರಣೆ ಬರೆದಿದ್ದರು. ‘ಸ್ಪ್ರೂ’ ಎಂಬ ಹೆಸರು ಡಚ್ ಭಾಷೆಯಿಂದ ಬಂದದ್ದು. ಆಯುರ್ವೇದ ಗ್ರಂಥಗಳಲ್ಲಿ ‘ಗ್ರಹಣಿ’ ಎಂದು ಕರೆದಿರುವ ರೋಗದ ಲಕ್ಷಣಗಳಿಗೂ ಇದಕ್ಕೂ ಹೋಲಿಕೆ ಇದೆಯಾದರೂ ಎರಡೂ ಒಂದೇ ಎನ್ನಲಾಗದು. ಗ್ರಹಣಿ ಎಂಬ ಪದದ ವ್ಯಾಪ್ತಿ ಹೆಚ್ಚು ದೊಡ್ಡದು.

ಸುಬ್ಬರಾವ್ ಅವರ ಅಣ್ಣ ಪುರುಷೋತ್ತಮ ಮತ್ತು ತಮ್ಮ ಕೃಷ್ಣಮೂರ್ತಿ ಕೆಲವೇ ದಿನಗಳ ಅಂತರದಲ್ಲಿ ಈ ರೋಗಕ್ಕೆ ಬಲಿಯಾದರು. ಸುಬ್ಬರಾವ್ ಅವರಿಗೂ ರೋಗ ತಗುಲಿತು. ಆಧುನಿಕ ವೈದ್ಯಪದ್ಧತಿಯಲ್ಲಿ ಅಂದು ಇದಕ್ಕೆ ಖಚಿತವಾದ ಮದ್ದಿರಲಿಲ್ಲ. ಪಥ್ಯ ಮತ್ತು ವಿಶ್ರಾಂತಿಯನ್ನು ಬಿಟ್ಟರೆ ವೈದ್ಯರು ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಸುಬ್ಬರಾವ್ ಗುಣಮುಖರಾದರು. ಆಯುರ್ವೇದ ಕಾಲೇಜಿನಲ್ಲಿದ್ದಾಗ ಅವರು ದೇಶೀಯ ಔಷಧಗಳನ್ನು ರಸಾಯನಶಾಸ್ತ್ರದ ಕ್ರಮದಿಂದ ಪರೀಕ್ಷಿಸಬೇಕೆಂಬ ಆಸಕ್ತಿ ಬೆಳೆಸಿಕೊಂಡರು. ಮದ್ದು ಗುಣಪಡಿಸುತ್ತದೆ ಎಂಬಲ್ಲಿಗೆ ನಿಲ್ಲದೆ, ಅದರೊಳಗಿನ ಯಾವ ಪದಾರ್ಥ ಗುಣಪಡಿಸುತ್ತದೆ ಎಂದು ಕೇಳುವ ಈ ಸ್ವಭಾವ ಮುಂದೆ ಯಕೃತ್ತಿನ ಸಾರದ ಮೇಲಿನ ಅವರ ಕೆಲಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕಕ್ಕೆ ಪ್ರಯಾಣ

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮನಿಧಿಯ ನೆರವು ಮತ್ತು ಮಾವನವರು ಹೊಂದಿಸಿಕೊಟ್ಟ ಹಣದಿಂದ ಸುಬ್ಬರಾವ್ ಅವರು ವಿದೇಶಕ್ಕೆ ಹೊರಟರು. 1923ರ ಅಕ್ಟೋಬರ್ 26ರಂದು ಬಾಸ್ಟನ್ ನಗರವನ್ನು ತಲುಪಿ, ಹಾರ್ವರ್ಡ್‌ನ ಉಷ್ಣವಲಯ ವೈದ್ಯಶಾಲೆಯನ್ನು ಸೇರಿದರು. ಅಲ್ಲಿನ ಮುಖ್ಯಸ್ಥರಾದ ರಿಚರ್ಡ್ ಸ್ಟ್ರಾಂಗ್ ಅವರಿಗೆ ನೆರವಾದರು. ಆದರೆ ಅಮೆರಿಕದಲ್ಲಿ ಇವರ ವೈದ್ಯಕೀಯ ಅರ್ಹತೆಗೆ ಬೆಲೆ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಪೀಟರ್ ಬೆಂಟ್ ಬ್ರಿಗ್‌ಹ್ಯಾಂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸೇವಕರಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಹಗಲು ತರಗತಿ, ರಾತ್ರಿ ಆಸ್ಪತ್ರೆಯ ಕೆಲಸ. ಉಷ್ಣವಲಯ ವೈದ್ಯದ ಡಿಪ್ಲೊಮಾ ಪಡೆದ ಬಳಿಕ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರ ಬಳಿ ಸಂಶೋಧನೆಗೆ ತೊಡಗಿದರು.

ಹೊರಡುವಾಗ ಪತ್ನಿ ಶೇಷಗಿರಿಯವರಿಗೆ ಮೂರು ವರ್ಷಗಳಲ್ಲಿ ಹಿಂದಿರುಗುವ ಭರವಸೆ ಕೊಟ್ಟಿದ್ದರು. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ಶೈಶವದಲ್ಲೇ ಸೋಂಕಿನಿಂದ ತೀರಿಕೊಂಡಿತು. ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲೇ ಇಲ್ಲ. ಅವರ ವಿಜ್ಞಾನವನ್ನು ಕೊಂಡಾಡುವ ಬರಹಗಳು ಶೇಷಗಿರಿಯವರು ಕಾದ ಇಪ್ಪತ್ತೈದು ವರ್ಷಗಳನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಹಾರ್ವರ್ಡ್‌ನ ಸಂಶೋಧನೆಗಳು

1925ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ಅವರು ರಕ್ತ ಹಾಗೂ ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ರಂಜಕವು ಮಾಲಿಬ್ಡೇಟ್ ಲವಣದೊಡನೆ ಸೇರಿ ಉಂಟಾಗುವ ಸಂಯುಕ್ತವನ್ನು ಅಪಕರ್ಷಿಸಿದಾಗ ನೀಲಿ ಬಣ್ಣ ಬರುತ್ತದೆ. ಆ ಬಣ್ಣದ ಗಾಢತೆಯಿಂದ ರಂಜಕದ ಪ್ರಮಾಣ ತಿಳಿಯುತ್ತದೆ. ‘ಫಿಸ್ಕ್–ಸುಬ್ಬರಾವ್ ವಿಧಾನ’ ಎಂಬ ಹೆಸರಿನಿಂದ ಇದು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ.

ಈ ಅಳತೆಯ ಉಪಾಯ ಕೈಗೆ ಬಂದ ಮೇಲೆ ಇಬ್ಬರೂ ಸ್ನಾಯುವಿನ ಕಡೆಗೆ ತಿರುಗಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ಸಂಯುಕ್ತವನ್ನೂ 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್ (ಎ.ಟಿ.ಪಿ.) ಎಂಬ ಸಂಯುಕ್ತವನ್ನೂ ಸ್ನಾಯುವಿನಿಂದ ಬೇರ್ಪಡಿಸಿ ಪ್ರಕಟಿಸಿದರು. ಜೀವಕೋಶಗಳಲ್ಲಿ ಶಕ್ತಿಯ ಕೊಡುಕೊಳೆ ನಡೆಯುವುದೇ ಎ.ಟಿ.ಪಿ.ಯ ಮೂಲಕ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮಾನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದಿದ್ದರು. ಆದ್ದರಿಂದ ಎ.ಟಿ.ಪಿ.ಯನ್ನು ಸುಬ್ಬರಾವ್ ಒಬ್ಬರೇ ಕಂಡುಹಿಡಿದರೆಂಬ ಜನಪ್ರಿಯ ಹೇಳಿಕೆ ಪೂರ್ಣ ಸತ್ಯವಲ್ಲ. ಫಾಸ್ಫೋಕ್ರಿಯಾಟಿನ್ ಕೂಡ ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೆಯವರ ಗಮನಕ್ಕೆ ಬಂದಿತ್ತು. ಸ್ನಾಯುವಿನ ಸಂಕೋಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಅಂದಿನ ಪ್ರಬಲ ನಂಬಿಕೆ ಈ ಸಂಶೋಧನೆಗಳಿಂದ ಸಡಿಲಗೊಂಡಿತು.

1930ರಲ್ಲಿ ಸುಬ್ಬರಾವ್ ಅವರಿಗೆ ಹಾರ್ವರ್ಡ್‌ನಿಂದ ಪಿಎಚ್.ಡಿ. ದೊರೆಯಿತು. ಆದರೆ ಮುಂದಿನ ಹತ್ತು ವರ್ಷ ಅಲ್ಲೇ ದುಡಿದರೂ ಅವರಿಗೆ ಖಾಯಂ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ಜಂಟಿ ಸಂಶೋಧನೆಯ ಕೀರ್ತಿಯಲ್ಲಿ ಅವರು ತಮ್ಮ ಪಾಲನ್ನು ಮುಂದುಮಾಡಿಕೊಳ್ಳದೆ ಫಿಸ್ಕ್ ಅವರಿಗೇ ಬಿಟ್ಟುಕೊಟ್ಟದ್ದು ಇದಕ್ಕೆ ಒಂದು ಕಾರಣವೆಂದು ಹೇಳಲಾಗುತ್ತದೆ.

ಯಕೃತ್ತಿನ ಸಾರದ ಹಿಂದೆ

ಈ ಅವಧಿಯಲ್ಲಿ ಸುಬ್ಬರಾವ್ ಅವರ ಗಮನ ಮತ್ತೆ ರಕ್ತಹೀನತೆಯ ಕಡೆಗೆ ಹರಿಯಿತು. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ, ಅದುವರೆಗೆ ಮಾರಕವೆನಿಸಿದ್ದ ಪರ್ನಿಷಿಯಸ್ ಅನೀಮಿಯ ಎಂಬ ರಕ್ತಹೀನತೆಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಗುಣಪಡಿಸಬಹುದೆಂದು ತೋರಿಸಿದ್ದರು. ಯಕೃತ್ತಿನಲ್ಲಿ ಇರುವ ಯಾವುದೋ ಪದಾರ್ಥ ರಕ್ತವನ್ನು ಸರಿಪಡಿಸುತ್ತಿತ್ತು. ಅದೇನೆಂದು ಮಾತ್ರ ತಿಳಿದಿರಲಿಲ್ಲ.

ಇತ್ತ ಭಾರತದಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಸಿಸುತ್ತಿದ್ದರು. ಯೀಸ್ಟಿನ ಸಾರವಾದ ಮಾರ್ಮೈಟ್ ತಿಂದ ಸ್ತ್ರೀಯರು ಚೇತರಿಸಿಕೊಳ್ಳುವುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಪೋಷಕಾಂಶವೇ ಫೋಲಿಕ್ ಆಮ್ಲವೆಂಬುದು ಅನಂತರ ಸ್ಪಷ್ಟವಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಇದನ್ನು ಬೇರ್ಪಡಿಸಿದ ಅಮೆರಿಕದ ವಿಜ್ಞಾನಿಗಳು ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಆದರೆ ಟನ್ನುಗಟ್ಟಲೆ ಸೊಪ್ಪಿನಿಂದ ದೊರೆಯುತ್ತಿದ್ದದ್ದು ಅತ್ಯಲ್ಪ. ಅದರಿಂದ ರೋಗಿಗಳಿಗೆ ಚಿಕಿತ್ಸೆ ಕೊಡುವುದು ಸಾಧ್ಯವಿರಲಿಲ್ಲ.

ಲೆಡರ್ಲಿ ಸಂಸ್ಥೆಯಲ್ಲಿ

1940ರಲ್ಲಿ ಸುಬ್ಬರಾವ್ ಅವರು ಹಾರ್ವರ್ಡ್ ಬಿಟ್ಟು ಅಮೆರಿಕನ್ ಸಯನಮಿಡ್ ಕಂಪನಿಗೆ ಸೇರಿದ ಲೆಡರ್ಲಿ ಪ್ರಯೋಗಾಲಯಗಳನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಶೋಧನೆಯ ಪೂರ್ಣ ಹೊಣೆ ಅವರದಾಯಿತು. ರಸಾಯನ ವಿಜ್ಞಾನಿಗಳು, ಸೂಕ್ಷ್ಮಜೀವಿಶಾಸ್ತ್ರಜ್ಞರು, ಪ್ರಾಣಿಗಳ ಮೇಲೆ ಔಷಧ ಪರೀಕ್ಷಿಸುವವರು, ಆಸ್ಪತ್ರೆಯ ವೈದ್ಯರು ಎಲ್ಲರನ್ನೂ ಒಂದೇ ಸಮಸ್ಯೆಯ ಸುತ್ತ ದುಡಿಸುವ ಕ್ರಮ ಅವರದು. ವಿಶ್ವವಿದ್ಯಾಲಯದಲ್ಲಿ ಒಬ್ಬರೋ ಇಬ್ಬರೋ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ದೊಡ್ಡ ತಂಡವೇ ದೊರೆಯಿತು.

ಅವರ ತಂಡವು ಯಕೃತ್ತಿನಿಂದಲೂ ಸೂಕ್ಷ್ಮಜೀವಿಗಳಿಂದಲೂ ಫೋಲಿಕ್ ಆಮ್ಲವನ್ನು ಪ್ರತ್ಯೇಕಿಸಿ, ಅದರ ರಚನೆಯನ್ನು ತಿಳಿದು, ಪ್ರಯೋಗಾಲಯದಲ್ಲೇ ತಯಾರಿಸುವ ವಿಧಾನವನ್ನು ಕಂಡುಕೊಂಡಿತು. 1945ರಲ್ಲಿ ಈ ಸಂಶ್ಲೇಷಣೆ ಪ್ರಕಟವಾಯಿತು. ಒಡನೆಯೇ ಟಾಮ್ ಸ್ಪೈಸ್ ಮೊದಲಾದ ವೈದ್ಯರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಕ್ಯೂಬಾದಲ್ಲೂ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಸ್ಪ್ರೂ ರೋಗಿಗಳಲ್ಲಿ ಕಂಡ ಪರಿಣಾಮ ಬೆರಗು ಹುಟ್ಟಿಸುವಂತಿತ್ತು. ಕೆಲವೇ ದಿನಗಳಲ್ಲಿ ಹೊಸ ಕೆಂಪು ರಕ್ತಕಣಗಳು ಕಾಣಿಸಿಕೊಂಡವು, ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು.

ವಾಸ್ತವವಾಗಿ ಸುಬ್ಬರಾವ್ ಹುಡುಕುತ್ತಿದ್ದದ್ದು ಪರ್ನಿಷಿಯಸ್ ಅನೀಮಿಯದ ಮದ್ದನ್ನು. ಆ ಪದಾರ್ಥ ಬಿ12 ಜೀವಸತ್ವವೆಂದು 1948ರಲ್ಲಿ ಬೇರೆ ಸಂಸ್ಥೆಗಳ ವಿಜ್ಞಾನಿಗಳು ಕಂಡುಹಿಡಿದರು. ಫೋಲಿಕ್ ಆಮ್ಲ ಪರ್ನಿಷಿಯಸ್ ಅನೀಮಿಯದಲ್ಲಿ ರಕ್ತವನ್ನು ಸುಧಾರಿಸಿದರೂ ನರಗಳಿಗೆ ಆಗುವ ಹಾನಿಯನ್ನು ತಡೆಯದು. ಹೀಗೆ ಅವರು ಅರಸಿದ್ದು ಅವರ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಅವರ ಸಹೋದರರ ಕಾಯಿಲೆಗೆ ಬೇಕಿದ್ದ ಮದ್ದಿನ ಅರ್ಧಭಾಗ.

ಆರಿಯೋಮೈಸಿನ್

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ಬಳಕೆಗೆ ಬಂದಿತ್ತು. 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಪೆನಿಸಿಲಿನ್ ಎಲ್ಲ ಬಗೆಯ ಬ್ಯಾಕ್ಟೀರಿಯಗಳ ಮೇಲೆ ಪರಿಣಾಮ ಬೀರುತ್ತಿರಲಿಲ್ಲ. ಕರುಳಿನಲ್ಲಿ ವಾಸಿಸುವ ಹಲವು ಬ್ಯಾಕ್ಟೀರಿಯಗಳು ಅದಕ್ಕೆ ಜಗ್ಗುತ್ತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಾಯಿಂದ ಸೇವಿಸಿದರೆ ರಕ್ತಕ್ಕೆ ಸೇರುತ್ತಿರಲಿಲ್ಲವಾದ್ದರಿಂದ ಚುಚ್ಚುಮದ್ದಾಗಿಯೇ ಕೊಡಬೇಕಿತ್ತು. ಹೆಚ್ಚು ಬಗೆಯ ಬ್ಯಾಕ್ಟೀರಿಯಗಳನ್ನು ತಡೆಯುವ, ಬಾಯಿಂದ ನುಂಗಬಹುದಾದ ಔಷಧಕ್ಕಾಗಿ ಸುಬ್ಬರಾವ್ ಅವರು ಲೆಡರ್ಲಿಯಲ್ಲಿ ದೊಡ್ಡ ಶೋಧವನ್ನು ಆರಂಭಿಸಿದರು.

ಇದರ ಹೊಣೆಯನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರಿಗೆ ವಹಿಸಲಾಯಿತು. ಡಗ್ಗರ್ 1872ರಲ್ಲಿ ಹುಟ್ಟಿದವರು, ಆಗಲೇ ಎಪ್ಪತ್ತು ದಾಟಿದ್ದರು. ದೇಶದ ನಾನಾ ಕಡೆಗಳಿಂದ ತರಿಸಿದ ಮಣ್ಣಿನ ಮಾದರಿಗಳಲ್ಲಿದ್ದ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಬೆಳೆಸಿ ಪರೀಕ್ಷಿಸುವ ಕೆಲಸ ನಡೆಯಿತು. ಮಿಸ್ಸೂರಿ ವಿಶ್ವವಿದ್ಯಾಲಯದ ‘ಸ್ಯಾನ್‌ಬಾರ್ನ್ ಫೀಲ್ಡ್’ ಎಂಬ ಹಳೆಯ ಪ್ರಯೋಗದ ಹೊಲದಿಂದ 1945ರಲ್ಲಿ ಬಂದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿಯೊಂದು ದೊರೆಯಿತು. ಅದಕ್ಕೆ ಸ್ಟ್ರೆಪ್ಟೊಮೈಸಿಸ್ ಆರಿಯೋಫೇಸಿಯೆನ್ಸ್ ಎಂದೂ, ಅದು ಸ್ರವಿಸುವ ಹಳದಿ ಪದಾರ್ಥಕ್ಕೆ ಆರಿಯೋಮೈಸಿನ್ ಎಂದೂ ಹೆಸರಿಟ್ಟರು. ಇದರ ರಾಸಾಯನಿಕ ಹೆಸರು ಕ್ಲೋರ್‌ಟೆಟ್ರಾಸೈಕ್ಲಿನ್. ಬ್ಯಾಕ್ಟೀರಿಯದ ಒಳಗೆ ಪ್ರೋಟೀನು ತಯಾರಾಗುವುದನ್ನು ಈ ವರ್ಗದ ಔಷಧಗಳು ತಡೆಯುತ್ತವೆ. ಪ್ರೋಟೀನಿಲ್ಲದೆ ಬ್ಯಾಕ್ಟೀರಿಯ ವೃದ್ಧಿಯಾಗದು.

1948ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಆರಿಯೋಮೈಸಿನ್ ವೈದ್ಯಲೋಕಕ್ಕೆ ಪರಿಚಯವಾಯಿತು. ಔಷಧವನ್ನು ಪರಿಚಯಿಸಿದ ಲೇಖನ ಡಗ್ಗರ್ ಅವರ ಹೆಸರಿನಲ್ಲೇ ಪ್ರಕಟವಾಯಿತು. ಸುಬ್ಬರಾವ್ ಅವರ ಹೆಸರು ಅದರ ಕರ್ತೃಗಳಲ್ಲಿ ಇಲ್ಲ. ಭಾರತದ ಅನೇಕ ಬರಹಗಳು ಆರಿಯೋಮೈಸಿನ್ನನ್ನು ಸುಬ್ಬರಾವ್ ಕಂಡುಹಿಡಿದರೆಂದು ಬರೆಯುತ್ತವೆ, ಪಾಶ್ಚಾತ್ಯ ಪುಸ್ತಕಗಳು ಡಗ್ಗರ್ ಅವರನ್ನು ಮಾತ್ರ ಹೆಸರಿಸುತ್ತವೆ. ಸೂಕ್ಷ್ಮಜೀವಿಯನ್ನು ಕಂಡದ್ದು ಡಗ್ಗರ್. ಆ ಶೋಧವನ್ನು ಯೋಜಿಸಿ, ಡಗ್ಗರ್ ಅವರಿಗೆ ವಹಿಸಿ, ಔಷಧವಾಗುವವರೆಗೆ ನಡೆಸಿದ್ದು ಸುಬ್ಬರಾವ್ ನೇತೃತ್ವದ ವಿಭಾಗ.

1950ರ ದಶಕದ ಆರಂಭದಲ್ಲಿ ಫೈಝರ್ ಸಂಸ್ಥೆಯ ಲಾಯ್ಡ್ ಕಾನೋವರ್ ಅವರು ಆರಿಯೋಮೈಸಿನ್ನಿನ ಕ್ಲೋರಿನ್ ಪರಮಾಣುವನ್ನು ತೆಗೆದು ಟೆಟ್ರಾಸೈಕ್ಲಿನ್ ತಯಾರಿಸಿದರು. ಇಂದು ಹೆಚ್ಚಾಗಿ ಬಳಸುವ ಡಾಕ್ಸಿಸೈಕ್ಲಿನ್ ಕೂಡ ಇದೇ ವರ್ಗದ್ದು.

ಸ್ಪ್ರೂ ರೋಗಕ್ಕೆ ಸಂಯುಕ್ತ ಚಿಕಿತ್ಸೆ

ಫೋಲಿಕ್ ಆಮ್ಲ ಸ್ಪ್ರೂ ರೋಗಿಯ ರಕ್ತವನ್ನು ಸರಿಪಡಿಸಿತು. ಆದರೆ ಬಹುಕಾಲದಿಂದ ನರಳುತ್ತಿದ್ದ ಹಲವರಲ್ಲಿ ಭೇದಿ ಪೂರ್ಣವಾಗಿ ನಿಲ್ಲಲಿಲ್ಲ. ಕರುಳು ಆಹಾರವನ್ನು ಸರಿಯಾಗಿ ಹೀರಿಕೊಳ್ಳಲೂ ಇಲ್ಲ. ಇದರ ಕಾರಣ ನಿಧಾನವಾಗಿ ತಿಳಿದುಬಂತು. ಆರೋಗ್ಯವಂತರ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಗಳು ತೀರಾ ಕಡಿಮೆ. ಸ್ಪ್ರೂ ರೋಗಿಗಳಲ್ಲಿ ಕ್ಲೆಬ್ಸಿಯೆಲ್ಲ, ಇ. ಕೋಲೈ, ಎಂಟೆರೊಬ್ಯಾಕ್ಟರ್ ಮುಂತಾದವು ಅಲ್ಲಿ ಬೀಡುಬಿಟ್ಟಿರುತ್ತವೆ. ಅವು ಸ್ರವಿಸುವ ವಿಷಗಳಿಂದ ಕರುಳಿನ ಒಳಪದರ ಹಾಳಾಗುತ್ತದೆ. ಹಾಳಾದ ಕರುಳು ಫೋಲಿಕ್ ಆಮ್ಲವನ್ನು ಹೀರಿಕೊಳ್ಳಲಾರದು. ಫೋಲಿಕ್ ಆಮ್ಲ ಇಲ್ಲದೆ ಕರುಳಿನ ಒಳಪದರ ಹೊಸದಾಗಿ ಬೆಳೆಯಲಾರದು. ರೋಗ ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತ ಹೋಗುತ್ತದೆ. ಒಂದೇ ಮದ್ದಿನಿಂದ ಈ ಸುತ್ತನ್ನು ಕಡಿಯುವುದು ಕಷ್ಟವಾದದ್ದು ಇದೇ ಕಾರಣಕ್ಕೆ.

1950 ಮತ್ತು 1960ರ ದಶಕಗಳಲ್ಲಿ ಪೋರ್ಟೊ ರಿಕೊ ಮೊದಲಾದ ಕಡೆ ನಡೆದ ಅಧ್ಯಯನಗಳು ಟೆಟ್ರಾಸೈಕ್ಲಿನ್ನನ್ನು ತಿಂಗಳುಗಟ್ಟಲೆ ನೀಡಿದರೆ ಕರುಳು ಚೇತರಿಸಿಕೊಳ್ಳುವುದನ್ನು ತೋರಿಸಿದವು. ದಕ್ಷಿಣ ಭಾರತದಲ್ಲಿ 1960ರ ದಶಕದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕವಾಗಿ ಹರಡಿದಾಗ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ರೋಗವನ್ನು ವಿಸ್ತಾರವಾಗಿ ಅಭ್ಯಸಿಸಿದರು. ಇಂದು ಪಠ್ಯಪುಸ್ತಕಗಳು ಹೇಳುವ ಚಿಕಿತ್ಸೆ ಹೀಗಿದೆ: ವಯಸ್ಕರಿಗೆ ಟೆಟ್ರಾಸೈಕ್ಲಿನ್ 250 ಮಿಲಿಗ್ರಾಂ ದಿನಕ್ಕೆ ನಾಲ್ಕು ಬಾರಿ, ಜೊತೆಗೆ ಫೋಲಿಕ್ ಆಮ್ಲ 5 ಮಿಲಿಗ್ರಾಂ ದಿನಕ್ಕೊಮ್ಮೆ, ಮೂರರಿಂದ ಆರು ತಿಂಗಳವರೆಗೆ. ಕೊರತೆಯಿದ್ದರೆ ಬಿ12 ಕೂಡ ಕೊಡುತ್ತಾರೆ. ಟೆಟ್ರಾಸೈಕ್ಲಿನ್ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಹೊಂದುವುದಿಲ್ಲ, ಮಕ್ಕಳ ಹಲ್ಲುಗಳಿಗೆ ಶಾಶ್ವತವಾಗಿ ಕಲೆ ಬೀಳುತ್ತದೆ. ಹಾಲಿನೊಡನೆ ಸೇವಿಸಿದರೆ ಹಾಲಿನಲ್ಲಿರುವ ಸುಣ್ಣದ ಅಂಶ ಔಷಧವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಭೇದಿಯೆಂದ ಕೂಡಲೇ ಅಂಗಡಿಯಿಂದ ಈ ಮಾತ್ರೆ ತಂದು ನುಂಗುವ ಅಭ್ಯಾಸ ಸರಿಯಲ್ಲ. ಸಾಮಾನ್ಯ ಭೇದಿ ಸ್ಪ್ರೂ ಅಲ್ಲ.

ಜಠರದ ಸೋಂಕಿನ ಚಿಕಿತ್ಸೆಯಲ್ಲಿ ಟೆಟ್ರಾಸೈಕ್ಲಿನ್

ಆರಿಯೋಮೈಸಿನ್ನಿನ ಸಂತತಿಗೆ ಜಠರದ ಹುಣ್ಣಿನ ಚಿಕಿತ್ಸೆಯಲ್ಲೂ ಸ್ಥಾನ ದೊರೆಯಿತು. ಜಠರದಲ್ಲಿ ಆಮ್ಲವಿರುವುದರಿಂದ ಅಲ್ಲಿ ಬ್ಯಾಕ್ಟೀರಿಯ ಬದುಕದೆಂದೂ, ಹುಣ್ಣಿಗೆ ಆಮ್ಲ ಮತ್ತು ಮನಸ್ಸಿನ ಒತ್ತಡವೇ ಕಾರಣವೆಂದೂ ವೈದ್ಯರು ದೀರ್ಘಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅವರು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಮುಂದೆ ಹೆಸರಾದ ಬ್ಯಾಕ್ಟೀರಿಯವನ್ನು ರೋಗಿಗಳ ಜಠರದಿಂದ ಬೆಳೆಸಿದರು. ಇದಕ್ಕಾಗಿ 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಈ ಬ್ಯಾಕ್ಟೀರಿಯ ಜಠರದ ಲೋಳೆಯ ಪದರದೊಳಗೆ ಅಡಗಿರುತ್ತದೆ. ಒಂದೇ ಪ್ರತಿಜೀವಕದಿಂದ ಅದು ಪೂರ್ತಿ ನಾಶವಾಗುವುದಿಲ್ಲ. ಉಳಿದವು ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳುತ್ತವೆ. ಆದ್ದರಿಂದ 1980ರ ದಶಕದ ಕೊನೆಯಲ್ಲಿ ಬಿಸ್ಮತ್ ಲವಣ, ಟೆಟ್ರಾಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಮೂರನ್ನೂ ಒಟ್ಟಾಗಿ ಕೊಡುವ ಚಿಕಿತ್ಸೆ ಆರಂಭವಾಯಿತು. ಅನಂತರ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್‌ನಂಥ ನಾಲ್ಕನೆಯ ಔಷಧ ಸೇರಿತು. ಹತ್ತರಿಂದ ಹದಿನಾಲ್ಕು ದಿನಗಳ ಈ ಚಿಕಿತ್ಸೆಗೆ ಬೇಡಿಕೆ ಮತ್ತೆ ಹೆಚ್ಚಿದೆ. ಕ್ಲಾರಿತ್ರೊಮೈಸಿನ್, ಮೆಟ್ರೊನಿಡಜೋಲ್‌ಗಳಿಗೆ ಪ್ರತಿರೋಧ ಬೆಳೆಸಿಕೊಂಡ ತಳಿಗಳು ಹೆಚ್ಚುತ್ತಿದ್ದರೂ ಟೆಟ್ರಾಸೈಕ್ಲಿನ್‌ಗೆ ಪ್ರತಿರೋಧ ಹೆಚ್ಚಿನ ದೇಶಗಳಲ್ಲಿ ಇನ್ನೂ ವಿರಳವಾಗಿರುವುದೇ ಇದಕ್ಕೆ ಕಾರಣ. ಕಾಲರಾ ಚಿಕಿತ್ಸೆಯಲ್ಲೂ ಈ ವರ್ಗದ ಔಷಧಗಳ ಬಳಕೆ ಇದೆ, ಆದರೆ ಅಲ್ಲಿ ಮೊದಲ ಸ್ಥಾನ ಉಪ್ಪು–ಸಕ್ಕರೆ ಬೆರೆತ ನೀರಿನದು.

ಇತರ ಔಷಧಗಳು

ಪೆಸಿಫಿಕ್ ದ್ವೀಪಗಳಲ್ಲಿ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಆನೆಕಾಲು ರೋಗದ ಸೋಂಕು ಕಂಡುಬಂದಾಗ ಅದರ ಔಷಧದ ಹುಡುಕಾಟ ಲೆಡರ್ಲಿಯಲ್ಲಿ ನಡೆಯಿತು. ಹೆಟ್ರಜಾನ್ ಎಂಬ ಹೆಸರಿನಲ್ಲಿ 1947ರಲ್ಲಿ ಬಂದ ಡೈಇಥೈಲ್‌ಕಾರ್ಬಮಝೀನ್ ರಕ್ತದಲ್ಲಿರುವ ಫೈಲೇರಿಯ ಹುಳುವಿನ ಮರಿಗಳನ್ನು ನಾಶಪಡಿಸುತ್ತದೆ. ಕರ್ನಾಟಕದ ಕರಾವಳಿ ಮತ್ತು ಕಲಬುರಗಿ ಭಾಗದ ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸಿದ ‘ಡಿ.ಇ.ಸಿ.’ ಮಾತ್ರೆ ಇದೇ.

ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ಸಂಯುಕ್ತಗಳನ್ನೂ ಸುಬ್ಬರಾವ್ ಅವರ ತಂಡ ತಯಾರಿಸಿತು. ಅವುಗಳಲ್ಲೊಂದಾದ ಅಮಿನಾಪ್ಟೆರಿನ್ನನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಮಕ್ಕಳಿಗೆ ಕೊಟ್ಟರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ ಹದಿನಾರು ಮಕ್ಕಳಲ್ಲಿ ಹತ್ತು ಮಂದಿಗೆ ತಾತ್ಕಾಲಿಕವಾಗಿ ಗುಣ ಕಂಡಿತು. ಅದೇ ಸಾಲಿನ ಮೆಥೊಟ್ರೆಕ್ಸೇಟ್ ಇಂದು ಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ನಿಧನ ಮತ್ತು ಸ್ಮರಣೆ

ಆರಿಯೋಮೈಸಿನ್ ಪ್ರಕಟವಾಗಿ ಮೂರು ವಾರ ತುಂಬುವ ಮೊದಲೇ, 1948ರ ಆಗಸ್ಟ್ 8ರಂದು ಸುಬ್ಬರಾವ್ ಅವರು ನ್ಯೂಯಾರ್ಕ್ ರಾಜ್ಯದ ತಮ್ಮ ಮನೆಯಲ್ಲಿ ನಿದ್ರೆಯಲ್ಲಿದ್ದಾಗಲೇ ಹೃದಯಾಘಾತದಿಂದ ನಿಧನರಾದರು. ಅವರಿಗೆ 53 ವರ್ಷ ವಯಸ್ಸಾಗಿತ್ತು. ಅಮೆರಿಕದಲ್ಲಿ ಕಾಲು ಶತಮಾನ ಕಳೆದಿದ್ದರೂ ಅವರು ಅಲ್ಲಿನ ಪೌರರಾಗಿರಲಿಲ್ಲ. ಭಾರತೀಯರು ಅಮೆರಿಕದ ಪೌರತ್ವ ಪಡೆಯಲು ಕಾನೂನು ಅವಕಾಶ ಕೊಟ್ಟದ್ದೇ 1946ರಲ್ಲಿ.

ಅವರ ಹೆಸರಿನಲ್ಲಿ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಡಲಾಗಿದೆ. 1995ರಲ್ಲಿ, ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.